ಹಡಗಿನಲ್ಲಿ ಸೆಮಿಸ್ಟರ್: ಓದೋ, ವಿಹಾರವೋ?

ಪ್ರಶ್ನೆ: ಹಡಗಿನಲ್ಲೇ ಇದ್ದುಕೊಂಡು, ದೇಶದಿಂದ ದೇಶಕ್ಕೆ ಹೋಗುತ್ತಾ ಒಂದು ಸೆಮಿಸ್ಟರ್ ಮುಗಿಸಬಹುದು ಎನ್ನುತ್ತಾರೆ. ಅಲ್ಲಿ ನಿಜಕ್ಕೂ ಪಾಠ ನಡೆಯುತ್ತದೆಯೇ, ಇಲ್ಲ ಕಾಲೇಜಿನ ಹೆಸರಿನಲ್ಲಿ ಮಾಡುವ ಕ್ರೂಸ್ ಪ್ರವಾಸವೇ?

ಪಾಠ ನಡೆಯುತ್ತದೆ. ಅದೂ ಸುತ್ತ ನೀರು ಬಿಟ್ಟು ಬೇರೇನೂ ಕಾಣದ ದಿನಗಳಲ್ಲೇ ನಡೆಯುತ್ತದೆ.

ಹಾಗೆಂದು ನಿಮ್ಮ ಅನುಮಾನಕ್ಕೆ ಕಾರಣವಿಲ್ಲ ಎನ್ನಲಾರೆ. ಈ ಬಗೆಯ ಓದಿನಲ್ಲಿ ಹೆಚ್ಚು ಕೇಳಿಬರುವ ಹೆಸರು ಅಮೆರಿಕದ 'ಸೆಮೆಸ್ಟರ್ ಅಟ್ ಸೀ'. 1963ರಲ್ಲಿ ಶುರುವಾದದ್ದು. ಇದಕ್ಕೆ 2015ರಲ್ಲಿ ಬಂದ ಹಡಗು 'ವರ್ಲ್ಡ್ ಒಡಿಸ್ಸಿ'. 1998ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಪ್ರವಾಸಿ ಹಡಗೇ ಅದು. ಹಲವು ಬೇಸಿಗೆಗಳಲ್ಲಿ 'ಡಾಯ್ಚ್‌ಲಾಂಡ್' ಎಂಬ ತನ್ನ ಹಳೆಯ ಹೆಸರಿನಲ್ಲಿ ಪ್ರವಾಸಿಗರನ್ನೂ ಹೊತ್ತು ತಿರುಗಿದೆ. ಸೆಮಿಸ್ಟರ್ ಬಂತೆಂದರೆ ಅದೇ ಹಡಗಿನಲ್ಲಿ ಹಾಜರಿ, ಪರೀಕ್ಷೆ, ಗ್ರಂಥಾಲಯ. ಈ ಓದಿಗೆ ಕ್ರೆಡಿಟ್, ಅಂದರೆ ಪದವಿಗೆ ಸೇರುವ ಕಲಿಕೆಯ ಲೆಕ್ಕ, 2016ರಲ್ಲಿ ಕೊಡಲು ಶುರುಮಾಡಿದ್ದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ. ಒಂದು ಯಾನ ಹೆಚ್ಚುಕಡಿಮೆ 100 ದಿನ, ಸುಮಾರು ಹತ್ತು ದೇಶ.

ಹಡಗು ಬಂದರಿನಲ್ಲಿದ್ದಾಗ ಹಡಗಿನೊಳಗೆ ತರಗತಿ ಇಲ್ಲ. ಕಡಲಿಗಿಳಿದರೆ ಭಾನುವಾರವೂ ಲೆಕ್ಕಕ್ಕಿಲ್ಲ, ತರಗತಿ ಇದ್ದೇ ಇರುತ್ತದೆ. ಒಂದು ದಿನ 'ಎ', ಮರುದಿನ 'ಬಿ'. ಅರ್ಧ ವಿಷಯಗಳು ಎ ದಿನಕ್ಕೆ, ಉಳಿದರ್ಧ ಬಿ ದಿನಕ್ಕೆ. ಅಲ್ಲಿನ ವಿದ್ಯಾರ್ಥಿಗಳಿಗೆ ಕೆಲವೇ ದಿನಗಳಲ್ಲಿ ಸೋಮವಾರ, ಮಂಗಳವಾರ ಮರೆತುಹೋಗಿ 'ಇವತ್ತು ಎಯೋ ಬಿಯೋ' ಎಂಬುದಷ್ಟೇ ಉಳಿಯುತ್ತದೆ.

ವಾರದ ಹೆಸರು ಹಿಡಿದು ವೇಳಾಪಟ್ಟಿ ಮಾಡಿದರೆ ಏನಾಗುತ್ತದೆ ಎಂಬುದು ಪೆಸಿಫಿಕ್ ದಾಟುವಾಗ ಗೊತ್ತಾಗುತ್ತದೆ. ಹೊನೊಲುಲುವಿನಿಂದ ಪಶ್ಚಿಮಕ್ಕೆ, ಜಪಾನಿನ ಕೋಬೆಯತ್ತ ಹೊರಟ ಹಡಗಿನಲ್ಲಿ ಗಡಿಯಾರವನ್ನು ಒಟ್ಟು ಐದು ಗಂಟೆ ಹಿಂದಕ್ಕೆ ತಿರುಗಿಸಬೇಕು, ಒಂದೊಂದು ರಾತ್ರಿ ಒಂದೊಂದು ಗಂಟೆ. ಆ ರಾತ್ರಿಗಳಲ್ಲಿ ನಿದ್ದೆ ಹೆಚ್ಚು. ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆ ಬರುತ್ತದೆ, ಒಂದು ಇಡೀ ದಿನ ಕ್ಯಾಲೆಂಡರಿನಿಂದ ಮಾಯವಾಗುತ್ತದೆ. ಮಂಗಳವಾರ ರಾತ್ರಿ ಮಲಗಿದವರು ಗುರುವಾರ ಬೆಳಿಗ್ಗೆ ಏಳುತ್ತಾರೆ. 'ಬುಧವಾರದ ಪಾಠ' ಎಂದಿಟ್ಟುಕೊಂಡಿದ್ದರೆ ಅದು ಹೋದಂತೆಯೇ. ಬಿ ದಿನ ಮಾತ್ರ ಎಲ್ಲೂ ಹೋಗದು. ಪಶ್ಚಿಮಕ್ಕೆ ಭೂಮಿ ಸುತ್ತುವವರಿಗೆ 24 ಗಂಟೆಗಳು ಚಿಲ್ಲರೆಯಾಗಿ ಸಿಗುತ್ತವೆ, ಒಂದು ದಿನ ಇಡಿಯಾಗಿ ಕೈಬಿಡುತ್ತದೆ, ಲೆಕ್ಕ ಚುಕ್ತಾ. ಪೂರ್ವಕ್ಕೆ ಹೊರಟರೆ ತಿರುಗುಮುರುಗು: ಒಂದು ದಿನ ಎರಡು ಸಲ ಬರುತ್ತದೆ, ನಿದ್ದೆ ಮಾತ್ರ ಗಂಟೆ ಗಂಟೆಯಾಗಿ ಕರಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಆ ರೇಖೆ ಹೀಗೆ ಮೈಗೇ ಅರ್ಥವಾಗುವುದು ನನಗಂತೂ ದೊಡ್ಡ ಪಾಠ ಎನಿಸುತ್ತದೆ.

ಓದಿಗೆ ನಿಜವಾದ ಅಡ್ಡಿ ಹೊಯ್ದಾಟ. ಹಡಗು ತೂಗುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಮುಂದಿರುವ ಪುಸ್ತಕ ಅಲುಗುತ್ತಿಲ್ಲ ಎಂದು ಕಣ್ಣು ಹೇಳುತ್ತದೆ. ಎರಡರ ಹೇಳಿಕೆ ಕೂಡಿಬರದೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಓದಲು ಕೂತಾಗಲೇ ವಾಕರಿಕೆ ಜಾಸ್ತಿ. ಎದ್ದು ಹೊರಗೆ ಬಂದು ದಿಗಂತ ನೋಡಿದರೆ ಹಾಯೆನಿಸುವುದೂ ಅದಕ್ಕೇ. ಅಲ್ಲಿ ಕಣ್ಣೂ ಕಿವಿಯೂ ಒಂದೇ ಮಾತಾಡುತ್ತವೆ. ಹಡಗಿನ ಮೂತಿ ಮತ್ತು ಹಿಂಭಾಗ ಏತದಂತೆ ಏರಿಳಿಯುತ್ತವೆ, ನಡುಭಾಗದ ಕೆಳ ಅಂತಸ್ತುಗಳಲ್ಲಿ ಅಲುಗಾಟ ಕಡಿಮೆ. ಕೋಣೆ ಆರಿಸುವ ಅವಕಾಶವಿದ್ದರೆ ಕಿಟಕಿಯ ಆಸೆ ಬಿಟ್ಟು ಈ ಜಾಗ ನೋಡಿ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತದೆ.

ಇನ್ನು ಬಂದರುಗಳು. ಪ್ರತಿ ವಿಷಯಕ್ಕೂ ಯಾವುದಾದರೊಂದು ಊರಿನಲ್ಲಿ ಕಡ್ಡಾಯದ ಹೊರತರಗತಿ ಇರುತ್ತದೆ, ಅದಕ್ಕೆ ಅಂಕವೂ ಉಂಟು. ಉಳಿದ ಹೊತ್ತು ನಿಮ್ಮದು. ಆದರೆ ಹಡಗಿಗೆ ತಡವಾಗಿ ಮರಳಿದರೆ ಮುಂದಿನ ಬಂದರಿನಲ್ಲಿ ಎಲ್ಲರೂ ಇಳಿದು ಹೋಗುವಾಗ ನೀವು ಒಳಗೇ ಕೂರಬೇಕು. ಇಲ್ಲಿ ನನ್ನ ತಕರಾರೂ ಇದೆ. ಒಂದು ದೇಶಕ್ಕೆ ನಾಲ್ಕೈದು ದಿನ ಸಾಲುವುದಿಲ್ಲ. ಭಾಷೆ ಕಲಿಯಬೇಕು, ಒಂದು ಊರಿನ ಜನರ ನಡುವೆ ಬದುಕಬೇಕು ಎನ್ನುವವರಿಗೆ ಹಡಗು ಬೇಡ. ಒಂದೇ ನಗರದಲ್ಲಿ ಸೆಮಿಸ್ಟರ್ ಕಳೆಯಿರಿ. ಒಂದೇ ಪ್ರಶ್ನೆಯನ್ನು ಹತ್ತು ಕಡೆ ಹಿಡಿದು ನೋಡುವ ಆಸೆಯಿದ್ದವರಿಗೆ, ಉದಾಹರಣೆಗೆ ಕುಡಿಯುವ ನೀರು ಯಾರಿಗೆ ಹೇಗೆ ಸಿಗುತ್ತದೆ ಎಂದು ಕೇಳಿಕೊಂಡು ಹೋಗುವವರಿಗೆ, ಹಡಗಿನಂಥ ತರಗತಿ ಇನ್ನೊಂದಿಲ್ಲ. ಹಣ ಕಟ್ಟುವ ಮುಂಚೆ ಆ ಕ್ರೆಡಿಟ್‌ಗಳನ್ನು ನಿಮ್ಮ ಕಾಲೇಜು ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ.

ಇಷ್ಟಾದರೂ ಇದು ಪ್ರವಾಸದಂತೆಯೇ ಕಾಣುತ್ತದೆ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಅಮೆರಿಕದಲ್ಲಿ 1971ರಲ್ಲಿ ಹುಟ್ಟಿದ 'ಸೀ ಎಜುಕೇಶನ್ ಅಸೋಸಿಯೇಶನ್' ಹಾಯಿಹಡಗುಗಳಲ್ಲಿ ಕಲಿಸುತ್ತದೆ. ಅದರ 'ಕಾರ್ವಿತ್ ಕ್ರೇಮರ್' ಮತ್ತು 'ರಾಬರ್ಟ್ ಸಿ. ಸೀಮನ್ಸ್' ಹಡಗುಗಳ ಉದ್ದ ತಲಾ 134 ಅಡಿ ಮಾತ್ರ. ಅಲ್ಲಿ ವಿದ್ಯಾರ್ಥಿ ಪ್ರಯಾಣಿಕನಲ್ಲ, ಸಿಬ್ಬಂದಿ. ಪಾಳಿಯ ಮೇಲೆ ಹಾಯಿ ಎಳೆಯಬೇಕು, ಚುಕ್ಕಾಣಿ ಹಿಡಿಯಬೇಕು, ನಡುರಾತ್ರಿ ಎದ್ದು ಕಾವಲು ನಿಲ್ಲಬೇಕು. ಜತೆಗೆ ಸಣ್ಣ ಕಣ್ಣಿನ ಬಲೆಯನ್ನು ಹಡಗಿನ ಪಕ್ಕದಲ್ಲಿ ನೀರಿನ ಮೇಲ್ಪದರದಲ್ಲಿ ಅರ್ಧ ಗಂಟೆ ಎಳೆದು, ಸಿಕ್ಕಿದ್ದನ್ನು ಟ್ರೇಗೆ ಸುರಿದು ಚಿಮುಟದಿಂದ ಬಿಡಿಸಬೇಕು: ಜೀವಿಗಳು ಒಂದು ಕಡೆ, ಪ್ಲಾಸ್ಟಿಕ್ ಚೂರುಗಳು ಇನ್ನೊಂದು ಕಡೆ.

1986ರಿಂದ 2008ರವರೆಗೆ, ಅಟ್ಲಾಂಟಿಕ್‌ನ ಉತ್ತರ ಭಾಗದಲ್ಲಿ ಮತ್ತು ಕೆರಿಬಿಯನ್ ಕಡಲಿನಲ್ಲಿ, ಒಂದು ತಂಡ ಇಳಿದ ಮೇಲೆ ಇನ್ನೊಂದು ತಂಡ ಹತ್ತಿ 6,100ಕ್ಕೂ ಹೆಚ್ಚು ಸಲ ಹೀಗೆ ಬಲೆ ಎಳೆಯಿತು. ಕೈಯಲ್ಲಿ ಆರಿಸಿ ಎಣಿಸಿದ ಚೂರುಗಳು 64,000 ದಾಟಿದವು. ಹೆಚ್ಚಿನವು 10 ಮಿಲಿಮೀಟರ್‌ಗಿಂತ ಚಿಕ್ಕವು. ಅವನ್ನಿಟ್ಟುಕೊಂಡು ಬರೆದ ಪ್ರಬಂಧ 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಪ್ಲಾಸ್ಟಿಕ್ ಎಲ್ಲಿ ಸುಳಿಗೆ ಸಿಕ್ಕಿ ಗುಡ್ಡೆಯಾಗುತ್ತದೆ ಎಂಬುದನ್ನು ಅದು ತೋರಿಸಿತು. ಜಗತ್ತಿನಲ್ಲಿ ಪ್ಲಾಸ್ಟಿಕ್ ಉತ್ಪಾದನೆ ಏರುತ್ತಲೇ ಇದ್ದರೂ ಆ 22 ವರ್ಷಗಳಲ್ಲಿ ಅಲ್ಲಿ ನೀರಿನ ಮೇಲ್ಪದರದ ಚೂರುಗಳು ಹೆಚ್ಚಾದದ್ದು ಕಾಣಲಿಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ವಿಜ್ಞಾನಿಗಳ ಮುಂದೆ ಬಂದು ನಿಂತಿತು. ಆ ಪ್ರಶ್ನೆಗೆ ಬಲ ಬಂದದ್ದು ಡಿಗ್ರಿ ಓದುವ ಹುಡುಗ ಹುಡುಗಿಯರು ತೂಗುವ ಹಡಗಿನಲ್ಲಿ ಚಿಮುಟ ಹಿಡಿದು ಎಣಿಸಿಟ್ಟ ಲೆಕ್ಕದಿಂದ.