ಗ್ಲಿಫ್ಲೋಜಿನ್: ಸಕ್ಕರೆಯ ಬೆನ್ನಿಗೆ ಉಪ್ಪನ್ನೂ ಕಳಿಸುವ ಮಾತ್ರೆ

ಮುಂಬೈಗೆ ಹೊಸದಾಗಿ ಬಂದ ಕನ್ನಡದವರು ಕಿರಾಣಿ ಅಂಗಡಿಯಲ್ಲಿ ಎಡವುವ ಒಂದು ಪದವಿದೆ. ಹಿಂದಿಯಲ್ಲಿ 'ಮೀಠಾ' ಅಂದ್ರೆ ಸಿಹಿ. ಮರಾಠಿಯಲ್ಲಿ 'ಮೀಠ್' ಅಂದ್ರೆ ಉಪ್ಪು! ಡೊಂಬಿವಲಿಗೆ ಬಂದ ಹೊಸತರಲ್ಲಿ ನಮ್ಮಮ್ಮ ಸಕ್ಕರೆಗೆ ಹೋಗಿ ಉಪ್ಪು ತಂದಿದ್ದಳು. ಈಗ ಅವಳ ಔಷಧಿ ಚೀಟಿಯಲ್ಲೂ ಸಕ್ಕರೆ, ಉಪ್ಪು ಒಟ್ಟಿಗೇ ಬಂದಿವೆ: ಡಾಪಾಗ್ಲಿಫ್ಲೋಜಿನ್, 10 ಮಿ.ಗ್ರಾಂ. "ಶುಗರ್ ಮಾತ್ರೆ ಕೊಟ್ಟು ಬಿಪಿ ಯಾಕೆ ನೋಡ್ತಾರೆ?" ಅನ್ನೋದು ಅವಳ ಪ್ರಶ್ನೆ.

ಡಾಪಾ, ಎಂಪಾ, ಕಾನಾ ಎಲ್ಲ ಒಂದೇ ಮನೆತನದ ಮಾತ್ರೆಗಳು. 'ಗ್ಲಿಫ್ಲೋಜಿನ್' ಅವುಗಳ ಮನೆಹೆಸರು ಅನ್ನಿ. ಅದರ ಮೂಲ ಫ್ಲೋರಿಜಿನ್. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ತೆಗೆದ ಕಹಿ ವಸ್ತು ಅದು. ಗ್ರೀಕ್‌ನಲ್ಲಿ ತೊಗಟೆ, ಬೇರು ಎಂಬ ಎರಡು ಪದ ಸೇರಿ ಆ ಹೆಸರು ಬಂತು.

ಕೆಲಸ ನಡೆಯೋದು ಕಿಡ್ನಿಯಲ್ಲಿ. ಅದು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಇದರಲ್ಲಿ ಸುಮಾರು ಶೇ. 90ರಷ್ಟು ಬರುವುದು ಎಸ್‌ಜಿಎಲ್‌ಟಿ2 ಎಂಬ ಒಂದೇ ಬಾಗಿಲಿನಿಂದ. ಆ ಬಾಗಿಲಿನ ನಿಯಮ ವಿಚಿತ್ರ: ಗ್ಲೂಕೋಸ್ ಒಂಟಿಯಾಗಿ ಬರುವಂತಿಲ್ಲ, ಜೊತೆಗೊಂದು ಸೋಡಿಯಂ ಬೇಕು. ಸೋಡಿಯಂ ಅಂದ್ರೆ ಉಪ್ಪಿನ ಒಂದು ಭಾಗ. ಮಾತ್ರೆ ಈ ಬಾಗಿಲಿಗೆ ಅಗುಳಿ ಹಾಕುತ್ತದೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಹೋಗುವಾಗ ನೀರನ್ನೂ ಒಂದಿಷ್ಟು ಉಪ್ಪನ್ನೂ ಕರೆದುಕೊಂಡು ಹೋಗುತ್ತದೆ. ರಕ್ತನಾಳದೊಳಗಿನ ದ್ರವ ಸ್ವಲ್ಪ ಇಳಿದರೆ ಒತ್ತಡವೂ ಇಳಿಯುತ್ತದೆ. ತೂಕ ಇಳಿಯುವುದೂ ಇದಕ್ಕೆ ಕೂಡುತ್ತದೆ. ಮೇಲಿನ ಬಿಪಿ ಸಾಮಾನ್ಯವಾಗಿ 3ರಿಂದ 5 ಅಂಕ ಕಡಿಮೆಯಾಗುತ್ತದೆ, ಅಷ್ಟೇ. ಇದನ್ನು ಬಿಪಿ ಮಾತ್ರೆ ಅಂದುಕೊಂಡು ಇದ್ದ ಬಿಪಿ ಮಾತ್ರೆ ಬಿಡಬಾರದು.

ಹಾಗಂತ ಹಪ್ಪಳ, ಉಪ್ಪಿನಕಾಯಿ, ಫರ್ಸಾಣದಂಥ ಕುರುಕಲು ತಿಂಡಿಗೆ ಬಾಗಿಲು ತೆರೆದರೆ? ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಉಪ್ಪು ನೀರನ್ನು ಹಿಡಿದಿಡುತ್ತದೆ, ಮಾತ್ರೆ ಇಳಿಸಿದ್ದನ್ನು ಮತ್ತೆ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ವಡಾಪಾವ್‌ನಲ್ಲಿ ವಡೆ, ಒಣ ಚಟ್ನಿ ಮಾತ್ರವಲ್ಲ, ಪಾವ್‌ನಲ್ಲೂ ಉಪ್ಪಿದೆ. ಇದು ಸುಮಾರು ಜನಕ್ಕೆ ಹೊಳೆಯುವುದೇ ಇಲ್ಲ.

ಎಲ್ಲ ಶುಗರ್ ಮಾತ್ರೆಗಳೂ ಹೀಗಲ್ಲ. ಪಿಯೋಗ್ಲಿಟಜೋನ್ ಸರಿ ಉಲ್ಟಾ: ಕಿಡ್ನಿ ಉಪ್ಪು-ನೀರು ಹಿಡಿದಿಡುವಂತೆ ಮಾಡುತ್ತದೆ. ಕೆಲವರ ಪಾದ ಊದುವುದು ಅದಕ್ಕೇ.

ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಒಣಗಬಾರದು. ಮೇ ತಿಂಗಳ ಬೆವರು, ವಾಂತಿ-ಭೇದಿ, ಜೊತೆಗೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಇದ್ದರೆ ಎದ್ದು ನಿಂತಾಗ ತಲೆ ಸುತ್ತಬಹುದು. ಉಪವಾಸದಲ್ಲಿ ಇನ್ನೊಂದು ಅಪಾಯವಿದೆ: ಶುಗರ್ ಹೆಚ್ಚಿಲ್ಲದೆಯೂ ರಕ್ತದಲ್ಲಿ ಕೀಟೋನ್ ಆಮ್ಲ (ದೇಹ ಕೊಬ್ಬು ಕರಗಿಸುವಾಗ ಹುಟ್ಟುವಂಥದ್ದು) ಏರಬಹುದು. ಉಪವಾಸಕ್ಕೆ ಮೊದಲೇ, ಹುಷಾರು ತಪ್ಪಿದ ಕೂಡಲೇ ಡಾಕ್ಟರನ್ನು ಕೇಳಬೇಕು. ಅಮ್ಮನದು ಹನಿ ನೀರೂ ಮುಟ್ಟದ ಏಕಾದಶಿ. ವಿಷಯ ಕೇಳಿದ ಡಾಕ್ಟರ್ ಬರೆಯುತ್ತಿದ್ದ ಪೆನ್ ಕೆಳಗಿಟ್ಟು ಮೊದಲು ಅಂದದ್ದು, "ಆಜಿ, ಪಾಣಿ ಪ್ಯಾ!" ಅಂದ್ರೆ, ಅಜ್ಜಿ, ನೀರು ಕುಡೀರಿ!