ಹಡಗು ಕಾಲುವೆಯ ಸೇತುವೆ: ಎತ್ತರ ಎಲ್ಲಿಂದ ತರೋದು?

ನಮ್ಮ ಸಾಗರದ ಕಡೆ ಸೇತುವೆ ಅಂದರೆ ಈಗ ಅಂಬಾರಗೋಡ್ಲು–ಕಳಸವಳ್ಳಿಯದ್ದೇ ಮಾತು. 2025ರ ಜುಲೈವರೆಗೂ ಸಿಗಂದೂರಿಗೆ ಹೋಗಲು ಲಾಂಚ್ ಕಾಯುತ್ತಾ ನಿಲ್ಲುತ್ತಿದ್ದೆವು. ಅಲ್ಲಿ ತಲೆನೋವು ಅಗಲದ್ದು. ಶರಾವತಿ ಹಿನ್ನೀರು 2 ಕಿ.ಮೀ.ಗೂ ಜಾಸ್ತಿ. ಕೆಳಗೆ ದೊಡ್ಡ ಹಡಗೇನೂ ಬರುವುದಿಲ್ಲ.

ಹಡಗು ಕಾಲುವೆಯಲ್ಲಿ ಲೆಕ್ಕ ಉಲ್ಟಾ. ಅಗಲ ಕಮ್ಮಿ, ಆದರೆ ಹಡಗಿನ ಮಾಸ್ತು (ಮೇಲೆದ್ದ ಉದ್ದ ಕಂಬ) ಸೇತುವೆಗೆ ತಾಗಬಾರದು. ಹಾಗಾಗಿ ಇಲ್ಲಿ ಮೊದಲ ಪ್ರಶ್ನೆ ಎತ್ತರದ್ದು. ಇದೊಂದು ಹಿಡಿದುಕೊಂಡರೆ ಉಳಿದದ್ದು ತಾನಾಗೇ ಬಿಡಿಸಿಕೊಳ್ಳುತ್ತದೆ.

ಜರ್ಮನಿಯ ಕೀಲ್ ಕಾಲುವೆ ನೋಡಿ. 1895ರಲ್ಲಿ ಶುರುವಾಯಿತು, ಉದ್ದ ಸುಮಾರು 98 ಕಿ.ಮೀ., ಉತ್ತರ ಸಮುದ್ರಕ್ಕೂ ಬಾಲ್ಟಿಕ್ ಸಮುದ್ರಕ್ಕೂ ಒಳದಾರಿ. ರೆಂಡ್ಸ್‌ಬರ್ಗ್ ಊರಲ್ಲಿ ರೈಲಿಗೆ ಮೊದಲು ಪಕ್ಕಕ್ಕೆ ತಿರುಗುವ ಸೇತುವೆ ಇತ್ತು. ಕಾಲುವೆ ಅಗಲ ಮಾಡುವಾಗ ಅದನ್ನು ಬಿಟ್ಟು, 1913ರಲ್ಲಿ ನೀರಿನಿಂದ 42 ಮೀಟರ್ ಮೇಲೆ ಉಕ್ಕಿನ ಸೇತುವೆ ಕಟ್ಟಿದರು. ಸುತ್ತ ಬಯಲು, ಒಂದು ಗುಡ್ಡ ಇಲ್ಲ. ರೈಲು ಅಷ್ಟು ಎತ್ತರ ಹತ್ತೋದು ಹೇಗೆ? 100 ಮೀಟರಿಗೆ 1 ಮೀಟರ್ ಏರಿದರೂ 4 ಕಿ.ಮೀ.ಗೂ ಮೀರಿದ ಏರುದಾರಿ ಬೇಕು. ಸ್ಟೇಷನ್ ನೋಡಿದರೆ ಕಾಲುವೆಗೆ ಹತ್ತಿರವೇ ಇದೆ. ಅದಕ್ಕೇ ಹಳಿಯನ್ನು ಊರಿನ ಮೇಲೇ ದೊಡ್ಡದಾಗಿ ಒಂದು ಸುತ್ತು ಹಾಕಿಸಿ ಹತ್ತಿಸಿದ್ದಾರೆ. ಆಗುಂಬೆ ಘಾಟಿಯಲ್ಲಿ ರಸ್ತೆ ತಿರುವು ತಿರುವಾಗಿ ಏರುವುದೂ ಇದೇ ಕಾರಣಕ್ಕೆ ಅಲ್ವಾ? ನಮಗೆ ಗುಡ್ಡ ಪುಕ್ಕಟೆ ಸಿಕ್ಕಿದೆ, ಅವರು ಉಕ್ಕಿನಲ್ಲಿ ಕಟ್ಟಿಕೊಂಡರು.

ಕೆಳಗಿನ ಜನಕ್ಕೆ? ಅದೇ ಸೇತುವೆಗೆ ಹಗ್ಗಗಳಿಂದ ಒಂದು ಅಟ್ಟಣಿಗೆ ನೇತುಹಾಕಿದ್ದಾರೆ. ಜನರನ್ನೂ ಕೆಲವು ಕಾರುಗಳನ್ನೂ ಹತ್ತಿಸಿಕೊಂಡು ನೀರಿಗೆ ತಾಗದೆ ಆ ದಡಕ್ಕೆ ಹೋಗುತ್ತದೆ. ಗಾಳಿಯಲ್ಲಿ ತೂಗುವ ಲಾಂಚ್ ಅಂದುಕೊಳ್ಳಿ! 2016ರಲ್ಲಿ ಒಂದು ಹಡಗು ಇದಕ್ಕೆ ಗುದ್ದಿತು. ಹೊಸದು ಬಂದದ್ದು 2022ರಲ್ಲಿ.

ಅಮೆರಿಕದ ಕೇಪ್ ಕಾಡ್ ಕಾಲುವೆಯಲ್ಲಿ ರಸ್ತೆಗೆ ಎತ್ತರದ ಎರಡು ಸೇತುವೆ, ರೈಲಿಗೆ ಏರಿಳಿಯುವ ಸೇತುವೆ. ಮೂರೂ 1935ರವು. ರೈಲಿನದ್ದು ಸಾಮಾನ್ಯವಾಗಿ ಮೇಲೆಯೇ ಇರುತ್ತದೆ, ರೈಲು ಬಂದಾಗ ಮಾತ್ರ ಇಳಿಯುತ್ತದೆ. ಎರಡೂ ತುದಿಯ ಗೋಪುರದಲ್ಲಿ ಒಟ್ಟು ಸೇರಿ ಸೇತುವೆಯಷ್ಟೇ ಭಾರದ ತೂಕ ಇದೆ. ಬಾವಿ ರಾಟೆಯ ಹಗ್ಗಕ್ಕೆ ಎರಡೂ ಕಡೆ ಕೊಡ ಕಟ್ಟಿದ ಹಾಗೆ. ಒಂದು ಇಳಿದರೆ ಇನ್ನೊಂದು ಏರುತ್ತದೆ, ಮೋಟಾರಿಗೆ ಕೆಲಸ ಕಮ್ಮಿ.

ನನಗೆ ಬಹಳ ಇಷ್ಟವಾದದ್ದು ಗ್ರೀಸಿನ ಕೊರಿಂತ್ ಕಾಲುವೆ, 1893ರದ್ದು. ಉದ್ದ 6 ಕಿ.ಮೀ. ಚಿಲ್ಲರೆ, ತಳದ ಅಗಲ ಬರೀ 21 ಮೀಟರ್. ಮಧ್ಯದಲ್ಲಿ ಕಲ್ಲು ಕಡಿದ ಗೋಡೆ ಸುಮಾರು 80 ಮೀಟರ್ ಎದ್ದಿದೆ, ಅಲ್ಲಿ ನೆಲದ ಮಟ್ಟದಲ್ಲೇ ಸೇತುವೆ ಹಾಸಿದರೆ ಸಾಕು. ಎರಡು ತುದಿಗಳಲ್ಲಿ ನೆಲ ಸಮುದ್ರದ ಮಟ್ಟಕ್ಕೇ ಇಳಿಯುತ್ತದೆ. ಅಲ್ಲಿನ ಸೇತುವೆಗಳು ಹಡಗು ಬಂದಾಗ ಮೇಲೇಳುವುದಿಲ್ಲ, ನೀರಿನ ತಳಕ್ಕೆ ಮುಳುಗುತ್ತವೆ. ಹಡಗು ಅದರ ಮೇಲೆಯೇ ತೇಲಿ ಹೋಗುತ್ತದೆ. ಮಾಸ್ತು ಎಷ್ಟೇ ಉದ್ದ ಇರಲಿ, ನೋಡಬೇಕಾದ್ದು ಹಡಗಿನ ತಳ ಮಾತ್ರ.