ಹಾಸನಕ್ಕೆ, ಚಿಕ್ಕಮಗಳೂರಿಗೆ ಪ್ರೈವೇಟ್ ಎಫ್‌ಎಂ ಯಾಕೆ ಬಂದಿಲ್ಲ?

ಪ್ರಶ್ನೆ: ಬೆಂಗಳೂರು, ಮೈಸೂರು, ಮಂಗಳೂರು ಮೂರೂ ಕಡೆ ಪ್ರೈವೇಟ್ ಎಫ್‌ಎಂ ಇದೆ. ಇವುಗಳ ನಡುವೆ ಇರುವ ನಮ್ಮ ಹಾಸನಕ್ಕೆ, ಪಕ್ಕದ ಚಿಕ್ಕಮಗಳೂರಿಗೆ ಒಂದೂ ಇಲ್ಲ. ಲೈಸೆನ್ಸ್ ಕೊಡೋದಿಲ್ವಾ? ಗುಡ್ಡ ಅಡ್ಡ ಬರುತ್ತಾ? ಅಥವಾ ನಮ್ಮ ಕಡೆ ಕೇಳೋರೇ ಇಲ್ಲ ಅಂತ ಲೆಕ್ಕನಾ?

ಉತ್ತರ: ಬೆಂಗಳೂರಿನಿಂದ ಹಾಸನಕ್ಕೆ ಕಾರಿನಲ್ಲಿ ಬರುವ ಎಲ್ಲರ ಬಾಯಲ್ಲೂ ಈ ಪ್ರಶ್ನೆ ಇರುತ್ತದೆ. ಕುಣಿಗಲ್ ದಾಟುವಷ್ಟರಲ್ಲಿ ಬೆಂಗಳೂರಿನ ಸ್ಟೇಷನ್‌ಗಳು ಒಂದೊಂದಾಗಿ ಗೊರಗೊರ ಅನ್ನತೊಡಗುತ್ತವೆ. ಚನ್ನರಾಯಪಟ್ಟಣದ ಹತ್ತಿರ ಬಟನ್ ಒತ್ತಿದರೆ ಸ್ಪಷ್ಟವಾಗಿ ಸಿಗುವುದು 102.2, ಅಂದರೆ ಆಕಾಶವಾಣಿ ಹಾಸನ. ಅದೊಂದು ಸಿಕ್ಕಿತಲ್ಲ ಅಂತ ನನಗೆ ಸಮಾಧಾನ. ಹಿಂದಿನ ಸೀಟಿನ ಮಕ್ಕಳಿಗೆ ಬೇರೆ ಏನೂ ಬರೋದಿಲ್ವಾ ಅನ್ನುವ ಬೇಜಾರು.

ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಬೇಗ ಉತ್ತರ ಹೇಳಬಹುದು. ಲೈಸೆನ್ಸ್ ಕೊಡಬಾರದು ಅಂತ ಯಾರೂ ಹೇಳಿಲ್ಲ. ಗುಡ್ಡ ಅಡ್ಡ ಬರುವುದು ನಿಜ, ಆದರೆ ಅದು ಅರ್ಧ ಕಾರಣ. ಕೇಳುವವರಂತೂ ಖಂಡಿತ ಇದ್ದಾರೆ. ಆದರೆ ನಮ್ಮ ಕೇಳುಗರು ಜಾಸ್ತಿ ಇರುವುದು ಊರೊಳಗೆ ಅಲ್ಲ, ತೋಟದಲ್ಲಿ, ಹೊಲದಲ್ಲಿ, ಊರಿಂದ ಊರಿಗೆ ಹೋಗುವ ದಾರಿಯಲ್ಲಿ. ಪ್ರೈವೇಟ್ ರೇಡಿಯೋ ಲೆಕ್ಕ ಹಾಕುವುದು ಮಾತ್ರ ಊರಿನ ತಲೆಗಳನ್ನು. ಎಡವಟ್ಟಾಗಿರುವುದು ಇಲ್ಲೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ದೇಶದ ಮೊದಲ ಪ್ರೈವೇಟ್ ಎಫ್‌ಎಂ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು, ರೇಡಿಯೋ ಸಿಟಿ. ಅದಕ್ಕೂ ಮೊದಲು ಕೇಂದ್ರ ಸರ್ಕಾರ ಮೊದಲನೇ ಹಂತ ಅಂತ 40 ನಗರಗಳ 108 ತರಂಗಾಂತರಗಳನ್ನು ಹರಾಜಿಗೆ ಇಟ್ಟಿತ್ತು. ಜೋಶ್‌ನಲ್ಲಿ ದೊಡ್ಡ ದೊಡ್ಡ ಮೊತ್ತ ಕೂಗಿದವರಿಗೆ ಆಮೇಲೆ ತಲೆಬಿಸಿಯಾಯಿತು. ಲೈಸೆನ್ಸ್ ಫೀ ಪ್ರತಿ ವರ್ಷ ನೂರಕ್ಕೆ 15ರಂತೆ ಏರುತ್ತಿತ್ತು, ಜಾಹೀರಾತು ಆ ವೇಗದಲ್ಲಿ ಬರಲಿಲ್ಲ. ಬಹಳಷ್ಟು ಜನ ಕೈಬಿಟ್ಟರು. 2005ರಲ್ಲಿ ಎರಡನೇ ಹಂತ ಬಂದಾಗ ಈ ಪದ್ಧತಿ ತೆಗೆದು, ಒಟ್ಟು ಆದಾಯದಲ್ಲಿ ನೂರಕ್ಕೆ 4 ಕಟ್ಟಿದರೆ ಸಾಕು ಅಂದರು. ಆಗ ಮೈಸೂರು, ಮಂಗಳೂರು, ಕಲಬುರಗಿಗೂ ರೇಡಿಯೋ ಬಂತು. ಹುಬ್ಬಳ್ಳಿ-ಧಾರವಾಡಕ್ಕೆ ಬಂದಿದ್ದು ಮೂರನೇ ಹಂತದಲ್ಲಿ.

ಈ ಮೂರನೇ ಹಂತದ ನಿಯಮ ಬಂದಿದ್ದು 2011ರಲ್ಲಿ. ಒಂದು ಲಕ್ಷಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ಊರುಗಳಿಗೆಲ್ಲ ಎಫ್‌ಎಂ ಕೊಡಬೇಕು ಅನ್ನುವುದು ಅದರ ಉದ್ದೇಶ. 2011ರ ಜನಗಣತಿ ಪ್ರಕಾರ ಹಾಸನವೂ ಒಂದು ಲಕ್ಷ ದಾಟಿದೆ, ಚಿಕ್ಕಮಗಳೂರೂ ದಾಟಿದೆ. ಆದರೆ 2015 ಮತ್ತು 2016ರ ಹರಾಜುಗಳು ಮುಗಿದಾಗಲೂ ನಮ್ಮೆರಡು ಊರಿನ ಬೋರ್ಡ್ ಎಲ್ಲೂ ಏಳಲಿಲ್ಲ.

ಆಮೇಲೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೊಂದು ತೀರ್ಮಾನ ತೆಗೆದುಕೊಂಡಿತು. ಇನ್ನೂ ಪ್ರೈವೇಟ್ ಎಫ್‌ಎಂ ಕಾಣದ 234 ಊರುಗಳಲ್ಲಿ 730 ಚಾನೆಲ್‌ಗಳನ್ನು ಹರಾಜು ಹಾಕಲು ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಕರ್ನಾಟಕದ 16 ಊರುಗಳಿವೆ. ಹಾಸನಕ್ಕೆ 3 ಚಾನೆಲ್, ಚಿಕ್ಕಮಗಳೂರಿಗೆ 3. ಅಂದರೆ ಕಾಗದದ ಮೇಲೆ ನಮಗೆ ಆರು ರೇಡಿಯೋ ಇವೆ.

ಕಾಗದದಿಂದ ಗಾಳಿಗೆ ಬರುವುದಕ್ಕೆ ಒಬ್ಬರು ದುಡ್ಡು ಹಾಕಬೇಕಲ್ಲ. ಈಗ ಆ ಲೆಕ್ಕಕ್ಕೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇದರಲ್ಲೇ.

ಆ 730 ಚಾನೆಲ್‌ಗಳಿಗೆ ಸೇರಿ ಇಟ್ಟ ಕನಿಷ್ಠ ಬೆಲೆ 784.87 ಕೋಟಿ ರೂಪಾಯಿ. ಸರಾಸರಿ ಹಾಕಿದರೆ ಒಂದಕ್ಕೆ ಒಂದು ಕೋಟಿಗಿಂತ ಸ್ವಲ್ಪ ಮೇಲೆ. ಇದು ಬಾಗಿಲು ತೆಗೆಸುವ ದುಡ್ಡು ಮಾತ್ರ. ಆಮೇಲೆ ಸ್ಟುಡಿಯೋ, ಟ್ರಾನ್ಸ್‌ಮಿಟರ್, ಟವರ್ ಬಾಡಿಗೆ, ಕರೆಂಟ್ ಬಿಲ್, ಕರೆಂಟ್ ಹೋದಾಗ ಜನರೇಟರ್, ಹಾಡಿನ ರಾಯಲ್ಟಿ, ಆರ್‌ಜೆಗಳ ಸಂಬಳ. ಒಂದು ಲಕ್ಷ ಜನರ ಊರು ಅಂತ ಟ್ರಾನ್ಸ್‌ಮಿಟರ್ ಹತ್ತನೇ ಒಂದು ಭಾಗದ ಬೆಲೆಗೆ ಸಿಗುವುದಿಲ್ಲ. ಖರ್ಚು ದೊಡ್ಡೂರಿನ ಹತ್ತಿರ ಹತ್ತಿರ ಇರುತ್ತದೆ, ಆದಾಯ ಸಣ್ಣೂರಿನಷ್ಟು.

ಆದಾಯ ಅಂದರೆ ಮುಖ್ಯವಾಗಿ ಜಾಹೀರಾತೇ. ಕೇಳುಗರಿಂದ ರೇಡಿಯೋ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಹತ್ತು ಸೆಕೆಂಡಿಗೆ ಇಷ್ಟು ಅಂತ ಅಂಗಡಿಯವರಿಗೆ, ಕಂಪನಿಗಳಿಗೆ ಸಮಯ ಮಾರಬೇಕು. ಸೋಪು, ಸಿಮೆಂಟ್ ಮಾಡುವ ದೊಡ್ಡ ಕಂಪನಿಗಳು ಜನಸಂಖ್ಯೆಯ ಪಟ್ಟಿ ನೋಡಿ ಮೇಲಿನಿಂದ ಊರು ಆರಿಸುತ್ತವೆ. ಆ ಪಟ್ಟಿಯಲ್ಲಿ ನಾವು ಎಷ್ಟೋ ಕೆಳಗೆ. ಉಳಿಯುವವರು ಊರಿನವರು: ಜವಳಿ ಅಂಗಡಿ, ಚಿನ್ನದಂಗಡಿ, ಪಿಯು ಕಾಲೇಜು, ಟ್ರ್ಯಾಕ್ಟರ್ ಶೋರೂಂ, ಹೋಂಸ್ಟೇ, ಕಲ್ಯಾಣ ಮಂಟಪ.

ಹಾಸನದ ಒಬ್ಬ ಜವಳಿ ವ್ಯಾಪಾರಿಯ ಹತ್ತಿರ ಒಮ್ಮೆ ಈ ವಿಷಯ ಮಾತಾಡಿದ್ದೆ. ಹಾಸನಾಂಬ ಬಾಗಿಲು ತೆಗೆಯುವ ದಿನಗಳು ಹತ್ತಿರ ಬಂದಿದ್ದವು. ಗಲ್ಲಾದ ಪಕ್ಕ ಸೀರೆ ಕಟ್ಟುಗಳು ಪೇರಿಸಿದ್ದವು, ಅವರು ಮಡಿಕೆ ಬಿಚ್ಚುತ್ತಲೇ ಮಾತಾಡಿದರು. ರೇಡಿಯೋಗೆ ಜಾಹೀರಾತು ಕೊಡ್ತೀರಾ ಅಂತ ನಾನು ಕೇಳಿದರೆ, ಅವರು ನನಗೇ ತಿರುಗಿ ಕೇಳಿದರು: ಆಲೂರಿಗೆ ಕೇಳಿಸುತ್ತಾ, ಅರಕಲಗೂಡಿಗೆ ಕೇಳಿಸುತ್ತಾ, ಬೇಲೂರು ದಾಟಿ ಆ ಕಡೆ ಹಳ್ಳಿಗಳಿಗೆ ಕೇಳಿಸುತ್ತಾ? ಹಾಸನದವರಿಗೆ ನನ್ನ ಅಂಗಡಿ ಗೊತ್ತೇ ಇದೆ, ನನಗೆ ಬೇಕಿರುವುದು ಬಸ್ ಹತ್ತಿ ಬರುವ ಗಿರಾಕಿ, ಅಂದರು. ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಅವರ ವ್ಯಾಪಾರದ ಊರು ಹಾಸನ ನಗರ ಅಲ್ಲ, ಇಡೀ ಜಿಲ್ಲೆ.

ಆದರೆ ಲೈಸೆನ್ಸ್ ಸಿಗುವುದು ನಗರಕ್ಕೆ. ಒಂದರಿಂದ ಮೂರು ಲಕ್ಷ ಜನ ಇರುವ ಊರುಗಳನ್ನು ಸರ್ಕಾರ ‘ಡಿ’ ವರ್ಗಕ್ಕೆ ಸೇರಿಸಿದೆ. ಅಲ್ಲಿ ಟ್ರಾನ್ಸ್‌ಮಿಟರ್ ಶಕ್ತಿಗೂ ಮಿತಿ ಇದೆ, ಮಹಾನಗರಗಳಿಗೆ ಸಿಗುವಷ್ಟು ಸಿಗುವುದಿಲ್ಲ. ಬಯಲು ಸೀಮೆಯಾಗಿದ್ದರೆ ಅಷ್ಟರಲ್ಲೇ ದೂರ ಹೋಗುತ್ತಿತ್ತೇನೋ. ನಮ್ಮದು ಮಲೆನಾಡಿನ ಅಂಚು. ಇಲ್ಲಿ ಗುಡ್ಡದ ಮಾತು ಬರುತ್ತದೆ.

ಎಫ್‌ಎಂ ಅಲೆ ಹೆಚ್ಚು ಕಡಿಮೆ ಕಣ್ಣಿನ ನೋಟದ ಹಾಗೆ. ಟವರ್ ಕಾಣುವಂಥ ಜಾಗದಲ್ಲಿ ಚೆನ್ನಾಗಿ ಸಿಗುತ್ತದೆ. ನಡುವೆ ಗುಡ್ಡ ನಿಂತರೆ ಅದರ ಬೆನ್ನ ಹಿಂದೆ ಸಿಗುವುದು ಕಷ್ಟ. ಹಳೆಯ ಮೀಡಿಯಂ ವೇವ್ ಹಾಗಲ್ಲ, ಅದು ನೆಲ ಹಿಡಿದುಕೊಂಡು ಉಬ್ಬುತಗ್ಗು ದಾಟಿ ಹೋಗುತ್ತದೆ. ಚಿಕ್ಕಮಗಳೂರು ಕಡೆಯ ಹಿರಿಯರು ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ತೋಟದೊಳಗೆ ಕೂತು ಕೇಳುತ್ತಿದ್ದರಲ್ಲ, ಅದಕ್ಕೆ ಇದೇ ಕಾರಣ. ಕಾಫಿ ಕಣದ ಪಕ್ಕ ಮರದ ಕೊಂಬೆಗೆ ನೇತು ಹಾಕಿದ ಟ್ರಾನ್ಸಿಸ್ಟರ್‌ಗೆ ಟವರ್ ಕಾಣಬೇಕು ಅನ್ನುವ ಹಂಗಿರಲಿಲ್ಲ.

ಎಫ್‌ಎಂ ಹೇಗೆ ಗುಡ್ಡಕ್ಕೆ ಸೋಲುತ್ತದೆ ಅಂತ ನೋಡಬೇಕಿದ್ದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಕಾರಿನ ರೇಡಿಯೋ ಹಾಕಿಕೊಳ್ಳಿ. ನಾನು ಒಂದು ಸಂಜೆ ಹಾಗೆ ಹೋಗುತ್ತಿದ್ದೆ. ಮೂಡಿಗೆರೆಯಿಂದ ಬರೀ ಸದ್ದು. ಘಾಟಿಯ ತಲೆಯಲ್ಲಿ ಪಡುವಣ ಕಡೆ ಕಣಿವೆ ತೆರೆದುಕೊಂಡ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮಂಗಳೂರಿನ ಸ್ಟೇಷನ್ ಒಂದು ಎದುರಿಗೆ ಕೂತು ಮಾತಾಡಿದಷ್ಟು ಚೆನ್ನಾಗಿ ಬಂತು. ಹಾಡಿನ ಒಂದು ಸಾಲು ಮುಗಿಯುವಷ್ಟರಲ್ಲಿ ಕಾರು ಬಂಡೆಯ ಮಗ್ಗುಲಿಗೆ ತಿರುಗಿತು, ಹಾಡು ಹೋಯಿತು. ಮುಂದಿನ ತಿರುವಿನಲ್ಲಿ ಮತ್ತೆ ಬಂತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೇಳಿದೆ. ನಾಲ್ಕು ಹೆಜ್ಜೆ ಹಿಂದೆ ಮುಂದೆ ಆದರೂ ವ್ಯತ್ಯಾಸ ಗೊತ್ತಾಗುತ್ತಿತ್ತು.

ಈಗ ಚಿಕ್ಕಮಗಳೂರು ಪೇಟೆಯನ್ನು ನೆನಪಿಸಿಕೊಳ್ಳಿ. ಬೆನ್ನಿಗೆ ಬಾಬಾಬುಡನ್ ಗಿರಿ ಸಾಲು, ಅದರಲ್ಲಿ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ, 1,900 ಮೀಟರಿಗೂ ಮೇಲೆ. ಪೇಟೆಯಲ್ಲಿ ಒಂದು ಸಣ್ಣ ಟವರ್ ಎಬ್ಬಿಸಿದರೆ ಪೇಟೆಗೆ ಕೇಳುತ್ತದೆ, ಕಡೂರಿನ ಬಯಲ ಕಡೆಗೂ ಒಂದಿಷ್ಟು ಹೋಗುತ್ತದೆ. ಗಿರಿಯ ಆಚೆ ಮಗ್ಗುಲಿನ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿಗೆ ಅದು ಮುಟ್ಟುವುದು ಕಷ್ಟ. ಕಾಫಿ ಬೆಳೆಗಾರ, ಅಡಿಕೆ ಬೆಳೆಗಾರ ಇರುವುದೇ ಅಲ್ಲಿ. ದುಡ್ಡು ಹಾಕುವವರು ಹಿಂಜರಿಯುವುದು ಇದಕ್ಕೇ.

ಇನ್ನೊಂದು ತೊಡಕು ಸುದ್ದಿಯದು. ಪ್ರೈವೇಟ್ ಎಫ್‌ಎಂಗಳು ತಮ್ಮದೇ ಸುದ್ದಿ ಮಾಡುವ ಹಾಗಿಲ್ಲ ಅಂತ ಮೂರನೇ ಹಂತದ ನಿಯಮ ಹೇಳುತ್ತದೆ. ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಹಾಕಬಹುದು, ಅಷ್ಟೇ. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಶಿಫಾರಸು ಮಾಡಿತು. ಕೊಡಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಊರಿನ ಪತ್ರಿಕೆ ಬರೆಯಬಹುದಾದ್ದನ್ನು ಊರಿನ ರೇಡಿಯೋ ಹೇಳಬಾರದು ಅನ್ನುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಹಾಗಿದ್ದರೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈಗಿನ ನಿಯಮದಲ್ಲೇ ಕೆಲವನ್ನು ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ಟ್ರಾಫಿಕ್, ಹವಾಮಾನ, ಹಬ್ಬ ಜಾತ್ರೆ, ಪರೀಕ್ಷೆ ಮತ್ತು ಫಲಿತಾಂಶ, ಕೆಲಸ ಖಾಲಿ ಇರುವ ಮಾಹಿತಿ, ಜಿಲ್ಲಾಡಳಿತ ಕೊಡುವ ನೀರು, ಕರೆಂಟ್, ವಿಕೋಪದ ಸೂಚನೆ ಎಲ್ಲವನ್ನೂ ಹೇಳಬಹುದು. ಜುಲೈ ತಿಂಗಳ ಮಳೆಯಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದ ರಾತ್ರಿಯನ್ನು ನೆನೆಸಿಕೊಳ್ಳಿ. ಸಕಲೇಶಪುರದಿಂದ ಹಿಂದಕ್ಕೆ ಲಾರಿಗಳ ಸಾಲು. ಯಾರಿಗೂ ಏನೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಹೋದ ವರ್ಷದ ವಿಡಿಯೋ ಓಡಾಡುತ್ತಿರುತ್ತದೆ. ಆ ಹೊತ್ತಿಗೆ ಹಾಸನದಲ್ಲೇ ಕೂತ ಒಬ್ಬರು ಮೈಕಿನಲ್ಲಿ, ಶಿರಾಡಿ ಬಂದ್ ಆಗಿದೆ, ಚಾರ್ಮಾಡಿಯಲ್ಲಿ ಬಿಡುತ್ತಿದ್ದಾರೆ, ಭಾರಿ ಗಾಡಿಗಳನ್ನು ಬಿಡುತ್ತಿಲ್ಲ ಅಂತ ಹತ್ತು ನಿಮಿಷಕ್ಕೊಮ್ಮೆ ಹೇಳಿದರೆ ಎಷ್ಟು ಜನರಿಗೆ ಉಪಕಾರ! ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

‘ಹಾಸನದಲ್ಲೇ ಕೂತ’ ಅಂತ ಬೇಕೆಂದೇ ಬರೆದೆ. ಯಾಕೆಂದರೆ ಒಂದೇ ಕಂಪನಿಯ ಸ್ಟೇಷನ್‌ಗಳು ಒಂದೇ ಕಾರ್ಯಕ್ರಮವನ್ನು ಹಲವು ಊರುಗಳಲ್ಲಿ ಹಾಕಿಕೊಳ್ಳಬಹುದು ಅಂತ ಮೂರನೇ ಹಂತದಲ್ಲಿ ಅವಕಾಶ ಕೊಟ್ಟಿದ್ದಾರೆ. ಸಣ್ಣೂರಿನ ಖರ್ಚು ಇಳಿಸುವ ಸುಲಭದ ದಾರಿ ಇದು. ನನಗೆ ಭಯ ಇರುವುದೂ ಇದರ ಬಗ್ಗೆಯೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಮಾತಾಡುವ ದನಿ ನಮ್ಮ ಟವರ್‌ನಿಂದ ಬಂದರೆ ಅದನ್ನು ಹಾಸನದ ರೇಡಿಯೋ ಅಂತ ಹೇಗೆ ಕರೆಯುವುದು? ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಲ್ಲಿ ಬಿತ್ತು, ಎಷ್ಟು ಇಂಚು ಬಿತ್ತು ಅನ್ನುವುದು ಚಿಕ್ಕಮಗಳೂರಿನ ಬೆಳೆಗಾರರಿಗೆ ಇಡೀ ವರ್ಷದ ಫಸಲಿನ ಮಾತು. ಬಿತ್ತನೆ ಆಲೂಗಡ್ಡೆ ಮಾರುಕಟ್ಟೆಗೆ ಬಂತಾ ಅನ್ನುವುದು ಹಾಸನದ ರೈತರಿಗೆ ಅಷ್ಟೇ ದೊಡ್ಡ ಮಾತು. ಇದನ್ನು ದೂರದಲ್ಲಿ ಕೂತವರು ಓದಿ ಹೇಳಬಹುದು. ಆದರೆ ಹೇಳಬೇಕು ಅಂತ ಅವರಿಗೆ ಹೊಳೆಯಬೇಕಲ್ಲ.

ಹಾಗಾದರೆ ಬೇರೆ ದಾರಿ ಇಲ್ವಾ ಅಂತ ಕೇಳಿದರೆ, ಒಂದಿದೆ: ಸಮುದಾಯ ರೇಡಿಯೋ. ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ನೋಂದಾಯಿತ ಸಂಘ ಸಂಸ್ಥೆಗಳು ಇದನ್ನು ನಡೆಸಬಹುದು. ಇದಕ್ಕೆ ಹರಾಜು ಇಲ್ಲ, ಲಾಭ ಮಾಡುವ ಹಾಗೂ ಇಲ್ಲ. 2024ರ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಿ ಖರ್ಚು ತೂಗಿಸಬಹುದು. ವ್ಯಾಪ್ತಿ ಚಿಕ್ಕದು, ಸುತ್ತಲಿನ ಒಂದಷ್ಟು ಹಳ್ಳಿಗಳು. ಆದರೆ ಕಣಿವೆ ಕಣಿವೆಯಾಗಿ ಹರಡಿಕೊಂಡ ನಮ್ಮ ಜಾಗಕ್ಕೆ ಒಂದು ಪೇಟೆಯ ದೊಡ್ಡ ಟವರ್‌ಗಿಂತ ಮೂಡಿಗೆರೆಗೊಂದು, ಕೊಪ್ಪಕ್ಕೊಂದು, ಸಕಲೇಶಪುರಕ್ಕೊಂದು ಸಣ್ಣ ರೇಡಿಯೋ ಜಾಸ್ತಿ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ನಮ್ಮ ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ರೇಡಿಯೋ ಶುರು ಮಾಡಿದ್ದು ತಮ್ಮ ಸ್ವಂತ ಮನೆಯಿಂದ. ‘ಆಕಾಶವಾಣಿ’ ಅನ್ನುವ ಹೆಸರು ಮೊಳಗಿದ್ದೂ ಅಲ್ಲಿಂದಲೇ.

ಅಲ್ಲಿಯವರೆಗೆ ನಮಗಿರುವುದು 102.2. ಮನೆಯಲ್ಲಿ ಸರಿಯಾಗಿ ಬರೋದಿಲ್ಲ ಅಂತ ಬಹಳ ಜನ ಹೇಳುತ್ತಾರೆ, ಕಾರಣ ಎಷ್ಟೋ ಸಲ ಮೊಬೈಲ್‌ನದ್ದೇ ಇರುತ್ತದೆ. ಮೊಬೈಲಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ. ಬ್ಲೂಟೂತ್ ಹಾಕಿಕೊಂಡರೆ ಅದು ಕೆಲಸ ಮಾಡುವುದಿಲ್ಲ. ವೈರಿನ ಇಯರ್‌ಫೋನ್ ಚುಚ್ಚಿ, ಸ್ಪೀಕರ್‌ಗೆ ಹಾಕಿ, ವೈರನ್ನು ಸುತ್ತಿಡದೆ ಉದ್ದಕ್ಕೆ ಬಿಟ್ಟು ಹಾಸನದ ದಿಕ್ಕಿನ ಕಿಟಕಿಯ ಹತ್ತಿರ ಇಡಿ. ಫೋನಿನಲ್ಲಿ ಆ ತೂತೇ ಇಲ್ಲದಿದ್ದರೆ ಸಣ್ಣದೊಂದು ರೇಡಿಯೋ ಸೆಟ್ ತಂದಿಟ್ಟುಕೊಳ್ಳಿ, ಏರಿಯಲ್ ಪೂರ್ತಿ ಎಳೆಯಿರಿ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ, ಮೊಬೈಲ್ ಟವರ್ ಕೂಡ ಮಲಗಿದಾಗ ಎರಡು ಸೆಲ್ ಹಾಕಿದ ಆ ಸೆಟ್ ಮಾತಾಡುತ್ತಿರುತ್ತದೆ.